ಬ್ಯಾಸ್ಕೆಟ್‌ಬಾಲ್ ಶೂಗೆ ಅಷ್ಟೊಂದು ಬೆಲೆ ಯಾಕೆ?

ಪ್ರಶ್ನೆ: ಮಗಳು ಕಾಲೇಜು ತಂಡದಲ್ಲಿ ಆಡ್ತಾಳೆ. ರಬ್ಬರು, ಬಟ್ಟೆ, ಅಂಟು, ಇಷ್ಟೇ ತಾನೆ ಒಂದು ಶೂ? ಮತ್ತೆ ದುಡ್ಡೆಲ್ಲ ಎಲ್ಲಿಗೆ ಹೋಗುತ್ತೆ?

ಉತ್ತರ: ನಾನು ಶೂ ಸೋಲ್‌ನ ಅಚ್ಚು ಮಾಡುವವನು. ಪ್ರತಿ ಸೈಜಿಗೂ ಬೇರೆ ಲೋಹದ ಅಚ್ಚು ಬೇಕು, ಅದರಲ್ಲೂ ಎಡಕ್ಕೊಂದು, ಬಲಕ್ಕೊಂದು. ಮಾಡೆಲ್ ಬದಲಾದರೆ ಎಲ್ಲವೂ ಹೊಸದು. ಕಡಿಮೆ ಜೋಡಿ ಮಾರಾಟವಾದಷ್ಟೂ ಆ ಖರ್ಚು ಒಂದೊಂದು ಜೋಡಿಯ ಮೇಲೂ ಜಾಸ್ತಿ ಬೀಳುತ್ತೆ. ಅಂಗಾಲಿನ ನಡುವೆ ಶೂ ತಿರುಚದಂತೆ ತಡೆಯೋ ಗಟ್ಟಿ ಪಟ್ಟಿ ಇರುತ್ತೆ, ಕೆಲವದರಲ್ಲಿ ಕಾರ್ಬನ್ ಫೈಬರ್‌ದು. ಎರಡೂ ತುದಿ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡಿ, ಸುಲಭವಾಗಿ ತಿರುಚಿಕೊಳ್ಳಬಾರದು. ಒಳ್ಳೆಯ ಶೂ ಬಗ್ಗೋದು ಬೆರಳಿನ ಬುಡದಲ್ಲಿ ಮಾತ್ರ.

ಆದರೂ ತಯಾರಿಕೆಯ ಖರ್ಚು ಬೆಲೆಯಲ್ಲಿ ಚಿಕ್ಕ ಪಾಲು. ಉಳಿದದ್ದು ಸಾಗಣೆ, ಸುಂಕ, ಜಾಹೀರಾತು, ಅಂಗಡಿಯ ಲಾಭ, ಮತ್ತೆ ಆಟಗಾರನ ಹೆಸರು. ನೈಕಿ 1984ರಲ್ಲಿ ಮೈಕಲ್ ಜೋರ್ಡನ್ ಜೊತೆ ಒಪ್ಪಂದ ಮಾಡ್ಕೊಂಡು, ಮರುವರ್ಷ ಏರ್ ಜೋರ್ಡನ್ ಅನ್ನು 65 ಡಾಲರ್‌ಗೆ ಮಾರಿತು. ಆಮೇಲೆ ಎಲ್ಲರೂ ಅದೇ ದಾರಿ ಹಿಡಿದರು.

ಮತ್ತೊಬ್ಬರು: ಇದಕ್ಕೆ ಉಲ್ಟಾನೂ ಆಗಿದೆ. 2006ರಲ್ಲಿ ಸ್ಟೆಫಾನ್ ಮಾರ್ಬರಿ ತನ್ನ ಹೆಸರಿನ ಶೂನ 14.98 ಡಾಲರ್‌ಗೆ ತಂದು, ಅದನ್ನೇ ಹಾಕ್ಕೊಂಡು ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಆಡಿದ. ನನಗೆ ಆ ಮನುಷ್ಯನ ಮೇಲೆ ಈಗಲೂ ಗೌರವ.

ಪ್ರಶ್ನೆ ಕೇಳಿದವರು: ಹಾಗಾದರೆ ಹೋದ ವರ್ಷದ ಮಾಡೆಲ್ ತಗೋಬಹುದಾ?

ಉತ್ತರ: ಧಾರಾಳವಾಗಿ ತಗೊಳ್ಳಿ ಸರ್. ತೀರಾ ಹಳೇ ದಾಸ್ತಾನು ಮಾತ್ರ ಬೇಡ, ಇಟ್ಟಲ್ಲೇ ಅಂಟು ಬಿಟ್ಟಿರುತ್ತೆ.