ಒಂದೂ ರ್‍ಯಾಲಿ ಗೆಲ್ಲದೆ ಚಾಂಪಿಯನ್ ಆಗೋದು ಹೇಗೆ? (ಇಆರ್‌ಸಿ 2019, ಹಂಗೇರಿ)

ಬೈಟುಕಾಫಿ:
ಗುರುಗಳೇ ಒಂದು ಡೌಟು. ನಿನ್ನೆ ರಾತ್ರಿ ನಿದ್ದೆ ಬರ್ದೆ ಯುರೋಪಿಯನ್ ರ್‍ಯಾಲಿ ಚಾಂಪಿಯನ್‌ಶಿಪ್‌ನ (ಇಆರ್‌ಸಿ) ಹಳೇ ವಿಡಿಯೋ ನೋಡ್ತಾ ಕೂತಿದ್ದೆ, 2019ರ ಕೊನೇ ರೌಂಡು, ನವೆಂಬರಲ್ಲಿ ಹಂಗೇರಿಯ ನ್ಯೀರೆಜ್‌ಹಾಜಾ ಅನ್ನೋ ಊರಲ್ಲಿ ನಡೆದಿದ್ದು. ರ್‍ಯಾಲಿ ಗೆದ್ದಿದ್ದು ಹಂಗೇರಿಯವನೇ ಆದ ಫ್ರಿಗೆಶ್ ಟುರಾನ್, ಎರಡನೇದು ರಷ್ಯಾದ ಲುಕ್ಯಾನುಕ್, ಆದ್ರೆ ನಾಲ್ಕನೇ ಸ್ಥಾನದಲ್ಲಿ ಬಂದ ಇಂಗ್ಲೆಂಡಿನ ಕ್ರಿಸ್ ಇಂಗ್ರಾಮ್ ಚಾಂಪಿಯನ್! ಸರಿ ಬಿಡು ಸೀಸನ್ ಪೂರ್ತಿ ಚೆನ್ನಾಗ್ ಓಡ್ಸಿರ್ತಾನೆ ಅಂತ ಹುಡುಕಿದ್ರೆ ಆ ವರ್ಷ ಒಂದೇ ಒಂದು ರ್‍ಯಾಲಿನೂ ಗೆದ್ದಿಲ್ಲ ಆಸಾಮಿ. ಇದ್ಯಾವ ನ್ಯಾಯ?

ಪಂಚರ್_ಪುಟ್ಟ:
ಅದೇ ಮಜಾ ಆ ಸೀಸನ್ದು. ಎಂಟು ರೌಂಡು, ಎಂಟು ಜನ ಬೇರೆ ಬೇರೆ ವಿನ್ನರ್ಸು. ಅಜೋರ್ಸಲ್ಲಿ ಹಬಾಯ್, ಕನಾರಿಯಾಸಲ್ಲಿ ಪೆಪೆ ಲೋಪೆಸ್, ಲಾಟ್ವಿಯಾದಲ್ಲಿ ಆಲಿವರ್ ಸೋಲ್ಬರ್ಗ್ (ಆಗ ಅವ್ನಿಗೆ 17 ವರ್ಷ, ನಮ್ಮಲ್ಲಾಗಿದ್ರೆ ಕಾರಿಗೆ ಎಲ್ಎಲ್ಲೂ ಸಿಗ್ತಿರ್ಲಿಲ್ಲ), ಪೋಲೆಂಡಲ್ಲಿ ಲುಕ್ಯಾನುಕ್, ರೋಮಲ್ಲಿ ಬಾಸೊ, ಜೆಕ್ ದೇಶದ ಜ್ಲೀನಲ್ಲಿ ಕೊಪೆಟ್ಸ್ಕಿ, ಸೈಪ್ರಸಲ್ಲಿ ಡಕಾರ್ ಮರುಭೂಮಿ ರ್‍ಯಾಲಿ ಖ್ಯಾತಿಯ ಅಲ್ ಅತ್ತಿಯಾ, ಹಂಗೇರಿಲಿ ಟುರಾನ್. ಇದ್ರಲ್ಲಿ ಅರ್ಧಕ್ಕರ್ಧ ಜನ ತಮ್ಮ ದೇಶದ ರ್‍ಯಾಲಿಗೆ ಬಂದು ಗೆದ್ಕೊಂಡು ಹೋದೋರು, ಪೂರ್ತಿ ಸೀಸನ್ ಲೆಕ್ಕಕ್ಕೆ ಇಲ್ಲ. ಹೀಗಿರುವಾಗ ಪ್ರತಿ ಸಲ ಪೋಡಿಯಂ ಹತ್ರ ಹತ್ರ ಬರೋನೇ ಕೊನೇಗೆ ಮುಂದೆ ಇರ್ತಾನೆ. ಗೆದ್ರೆ 25 ಪಾಯಿಂಟು, ಎರಡನೇದಕ್ಕೆ 18. ಒಂದು ಸಲ ಗೆದ್ದು ಇನ್ನೊಂದು ಸಲ ಗುಂಡಿಗೆ ಬಿದ್ರೆ ಸೊನ್ನೆ, ಅಷ್ಟೇ ಕಥೆ.

ಬೈಟುಕಾಫಿ:
ಲೆಕ್ಕ ಓಕೆ ಬಾಸ್. ಆದ್ರೆ ಲುಕ್ಯಾನುಕ್ ಹಂಗೇರಿಲಿ ಕೊನೇ ಸ್ಟೇಜ್‌ವರೆಗೂ (ಟೈಮ್ ಹಿಡಿಯೋ ರಸ್ತೆ ತುಂಡು) ಲೀಡಲ್ಲಿ ಇದ್ದ ಅಲ್ವಾ, ಅದು ಹೊಟ್ಟೆ ಉರೀತು ನಂಗೆ.

ಎಸ್ಟೇಟ್‌ರೋಡ್:
ಇದಕ್ಕೆ ನಾನು ಸ್ವಲ್ಪ ಉದ್ದ ಬರೀತೀನಿ ಬೇಜಾರ್ ಮಾಡ್ಕೋಬೇಡಿ. ಆವತ್ತು ಇಬ್ಬರಿಗೂ ಪಂಚರ್ ಆಗಿದೆ. ಮೊದ್ಲು ಇಂಗ್ರಾಮ್‌ಗೆ ಕೊನೇ ದಿನ ಪಂಚರ್ ಆಗಿ ಕೆಳಗೆ ಜಾರಿದ, ಟೈಟಲ್ ಹೋಯ್ತು ಅಂತಾನೇ ಎಲ್ರೂ ಅಂದ್ಕೊಂಡಿದ್ದು. ಲುಕ್ಯಾನುಕ್ ಗೆಲ್ಲಲೇಬೇಕಿತ್ತು, ಗೆಲ್ತಾನೂ ಇದ್ದ, ಆದ್ರೆ ಕೊನೇ ಸ್ಟೇಜಲ್ಲಿ ಅವನ ಸಿಟ್ರೊಯೆನ್‌ಗೂ ಪಂಚರ್. ಟುರಾನ್ ಮುಂದೆ ಹೋದ, 25 ಹೋಗಿ 18 ಆಯ್ತು, ಇಂಗ್ರಾಮ್ ಚಾಂಪಿಯನ್.

ಪಂಚರ್ ಅಂದ್ರೆ ಏನು ಅಂತ ಟೀವಿಲಿ ಗೊತ್ತಾಗಲ್ಲ. ನಾನು ಚಿಕ್ಕಮಗಳೂರು ಕಡೆ ಒಂದು ರ್‍ಯಾಲಿಲಿ ಮಾರ್ಷಲ್ (ರಸ್ತೆ ಬದಿ ಕಾವಲಿರೋನು) ಆಗಿ ನಿಂತಿದ್ದೆ, ಕಾಫಿ ತೋಟದ ಒಳಗಿನ ರಸ್ತೆ. ಕಾರು ಕಾಣೋಕ್ ಮುಂಚೆ ಸೌಂಡ್ ಬಂತು, ಇಂಜಿನ್ದಲ್ಲ, ರಿಮ್ಮು ಕಲ್ಲಿಗೆ ಕೆರೆಯೋ ಸೌಂಡು, ಹಲ್ಲು ಜುಮ್ ಅನ್ಸತ್ತೆ. ನಮ್ಮ ಮುಂದೇನೇ ನಿಲ್ಸಿ ಇಬ್ರೂ ಬೆಲ್ಟ್ ಕಿತ್ಕೊಂಡು ಹಾರಿದ್ರು, ಕೋ ಡ್ರೈವರ್ ಜಾಕ್ ಇಟ್ಟ, ಹಿಂದಿನ ದಿನ ಮಳೆ ಬಂದಿತ್ತಲ್ಲ ಜಾಕ್ ಮಣ್ಣಲ್ಲಿ ಹೂತೋಯ್ತು. ಪಕ್ಕದಲ್ಲಿ ಸಿಲ್ವರ್ ಓಕ್ ಹಲಗೆ ತುಂಡು ಬಿದ್ದಿತ್ತು, ಕೊಡೋಣ ಅಂತ ಬಗ್ಗಿದೆ, ನಮ್ಮ ಸೀನಿಯರ್ ಮಾರ್ಷಲ್ಲು ‘ಕೈ ಹಾಕ್ಬೇಡ ಮಾರಾಯ, ಅವ್ರೇ ಮಾಡ್ಕೋಬೇಕು’ ಅಂತ ಗದರಿದ್ರು. ಕಣ್ಣೆದುರಿಗೇ ಹಿಂದಿನ ಕಾರು ಹಾರನ್ ಹಾಕ್ಕೊಂಡು ದಾಟಿ ಹೋಯ್ತು. ಒಂದೊಂದು ಸೆಕೆಂಡಿಗೆ ಬಡಿದಾಡೋ ಆಟದಲ್ಲಿ ಎರಡು ನಿಮಿಷ ಹೋದ್ರೆ ಮುಗೀತು.

ಟಾರ್ ರಸ್ತೆಲೂ ಅದೇ. ತಿರುವಲ್ಲಿ ಒಳಗಡೆ ಕಟ್ ಮಾಡಿದ್ರೆ ಟೈಮ್ ಉಳಿಯತ್ತೆ, ಆದ್ರೆ ಹುಲ್ಲಿನ ಕೆಳಗೆ ಕಲ್ಲು ಇದ್ರೆ ಟೈರ್ ಗೋತಾ. ಇಬ್ರೂ ಅದೇ ಜೂಜು ಆಡಿರ್ಬೇಕು. ಅದೃಷ್ಟ ಅನ್ನೋದಾದ್ರೆ ಇಬ್ರಿಗೂ ಒಂದೇ ಥರ ಕೈಕೊಟ್ಟಿದೆ.

ಪಂಚರ್_ಪುಟ್ಟ:
ನನ್ ಹೆಸ್ರಿಗೆ ತಕ್ಕ ಟಾಪಿಕ್ಕು ಇದು 😄 ಇನ್ನೊಂದು, ಇಂಗ್ರಾಮ್ ಹತ್ರ ಆ ಸೀಸನ್ ಮುಗಿಸೋಕೆ ದುಡ್ಡೇ ಇರ್ಲಿಲ್ಲ, ಜನರ ಹತ್ರ ಆನ್‌ಲೈನಲ್ಲಿ ಚಂದಾ ಎತ್ತಿ ಓಡ್ಸಿದ್ದು. 1967ರಲ್ಲಿ ವಿಕ್ ಎಲ್ಫರ್ಡ್ ಗೆದ್ಮೇಲೆ 52 ವರ್ಷ ಆದ್ಮೇಲೆ ಬ್ರಿಟನ್‌ಗೆ ಸಿಕ್ಕ ಟೈಟಲ್ ಅದು. ಲುಕ್ಯಾನುಕ್ ಬಗ್ಗೆ ಅಳೋದ್ ಬೇಡ, ಅವ್ನು 2018ರಲ್ಲೂ ಚಾಂಪಿಯನ್ 2020ರಲ್ಲೂ ಚಾಂಪಿಯನ್.

ಹಾಸನ_ಟು_ಹ್ಯಾಂಬರ್ಗ್:
ಲೇಟಾಗಿ ಬಂದೆ. ನಮ್ಮೋರ ಸಂಬಂಧ ಯಾರೂ ಹೇಳ್ಲೇ ಇಲ್ವಲ್ಲ. ಅದೇ 2019ರಲ್ಲಿ ಇಆರ್‌ಸಿ3 ಜೂನಿಯರ್ (ಕಿರಿಯರ ವಿಭಾಗ) ಗೆದ್ದ ಸ್ಪೇನಿನ ಹುಡ್ಗ ಎಫ್ರೆನ್ ಯಾರೆನಾ, ಮೂರು ವರ್ಷ ಬಿಟ್ಟು 2022ರಲ್ಲಿ ಮೇನ್ ಟೈಟಲ್ಲೇ ಹೊಡೆದ, ಅದೂ ಎಂಆರ್‌ಎಫ್ ಟೀಮಲ್ಲಿ, ಎಂಆರ್‌ಎಫ್ ಟೈರ್ ಹಾಕ್ಕೊಂಡು. ಚೆನ್ನೈ ಕಂಪನಿ ಟೈರು ಯುರೋಪಲ್ಲಿ ಚಾಂಪಿಯನ್, ನಮ್ ಪೇಪರಲ್ಲಿ ಒಂದು ಕಾಲಂ ಬಂದಿದ್ದು ನಾನಂತೂ ನೋಡ್ಲಿಲ್ಲ.

ಬೈಟುಕಾಫಿ:
ಎಂಆರ್‌ಎಫ್ ಅಂದ್ರೆ ನಂಗೆ ಸಚಿನ್ ಬ್ಯಾಟ್ ಸ್ಟಿಕ್ಕರ್ ಮಾತ್ರ ಗೊತ್ತಿತ್ತು ಮಾರಾಯ್ರೆ. ಸರಿ, ನ್ಯಾಯ ಅಂತ ಇನ್ನೂ ಪೂರ್ತಿ ಒಪ್ಪಲ್ಲ, ಒಂದಾದ್ರೂ ಗೆಲ್ಬೇಕಿತ್ತು. @ಎಸ್ಟೇಟ್‌ರೋಡ್ ಸರ್, ಆ ತೋಟದ ಕಾರು ಕೊನೇಗೆ ಫಿನಿಶ್ ಮಾಡ್ತಾ?

ಎಸ್ಟೇಟ್‌ರೋಡ್:
ಮಾಡ್ತು. ಅವ್ರೇ ಆ ಹಲಗೆ ನೋಡಿ ಎಳ್ಕೊಂಡು ಜಾಕ್ ಕೆಳಗೆ ಇಟ್ಟು ಚಕ್ರ ಬದಲಾಯಿಸಿದ್ರು. ಜಾಕ್ ಮಾತ್ರ ಅಲ್ಲೇ ಬಿಟ್ಟು ಹೋಗಿದ್ರು, ಸಂಜೆ ಸರ್ವಿಸ್ ಪಾರ್ಕಿಗೆ (ಟೀಮ್‌ಗಳು ಕಾರು ರಿಪೇರಿ ಮಾಡೋ ಜಾಗ) ನಾನೇ ಜೀಪಲ್ಲಿ ಹಾಕ್ಕೊಂಡೋಗಿ ಕೊಟ್ಟೆ.