ಫ್ರೀ ಡಿಶ್‌ನಲ್ಲಿ ಮ್ಯಾಚ್ ಬರುತ್ತೆ, ಕೇಬಲ್‌ನ ಡಿಡಿಯಲ್ಲಿ ಯಾಕೆ ಬರಲ್ಲ?

ಕಟ್ಟೆಪುರಾಣ:
ಯಾರಿಗಾದ್ರೂ ಸರಿಯಾಗಿ ಗೊತ್ತಿದ್ರೆ ಹೇಳ್ರಪ್ಪ. ನಮ್ಮನೇಲಿ ಕೇಬಲ್, ಮಾವನ ಮನೇಲಿ ಡಿಡಿ ಫ್ರೀ ಡಿಶ್. ಇಂಡಿಯಾದ ಒನ್ ಡೇ ಇದ್ರೆ ಅವ್ರಿಗೆ ಡಿಡಿ ಸ್ಪೋರ್ಟ್ಸ್‌ನಲ್ಲಿ ಪುಕ್ಕಟೆ ಬರುತ್ತೆ, ನಮ್ಮ ಕೇಬಲ್‌ನಲ್ಲಿ ಅದೇ ಚಾನೆಲ್ ಹಾಕಿದ್ರೆ ಬೇರೆ ಏನೋ ಹಳೇ ಪ್ರೋಗ್ರಾಂ ಓಡ್ತಿರುತ್ತೆ. ತಿಂಗಳಾ ತಿಂಗಳಾ ದುಡ್ಡು ಕಟ್ಟೋನು ನಾನು, ನೋಡೋರು ಅವ್ರು! ಕೇಬಲ್‌ನವನನ್ನ ಕೇಳಿದ್ರೆ "ಮೇಲಿಂದಾನೇ ಬರಲ್ಲ ಸಾರ್" ಅಂತಾನೆ. ಇನ್ನೊಂದು ಡೌಟು, ಡಿಡೀಲಿ ನೋಡಿದ್ರೂ ಸ್ಟಾರ್ ಸ್ಪೋರ್ಟ್ಸ್‌ನಲ್ಲಿ ನೋಡಿದ್ರೂ ಕ್ಯಾಮೆರಾ, ರೀಪ್ಲೇ ಎಲ್ಲಾ ಡಿಟ್ಟೋ, ಹಾಗಾದ್ರೆ ಡಿಡಿಯವ್ರು ಮೈದಾನಕ್ಕೆ ಹೋಗೋದೇ ಇಲ್ವಾ?

ಹಳೇ ಆಂಟೆನಾ:
ಕೇಬಲ್‌ನವನು ಹೇಳಿದ್ದು ನಿಜ, ಅವನ ಮೇಲೆ ಸಿಟ್ಟಾಗಬೇಡಿ. ಇದು ಶುರುವಾಗಿದ್ದು 2007ರಲ್ಲಿ. ಆ ಜನವರೀಲಿ ವೆಸ್ಟ್ ಇಂಡೀಸ್ ಇಲ್ಲಿಗೆ ಬಂದಿತ್ತು, ಟಿವೀಲಿ ತೋರಿಸೋ ರೈಟ್ಸ್ ನಿಂಬಸ್ ಅನ್ನೋ ಖಾಸಗಿ ಕಂಪನಿ ಹತ್ರ ಇತ್ತು, ಅವ್ರು ದೂರದರ್ಶನಕ್ಕೆ ಲೈವ್ ಕೊಡಲ್ಲ ಅಂತ ಕೂತ್ರು, ವಿಷಯ ದೆಹಲಿ ಹೈಕೋರ್ಟಿಗೆ ಹೋಗಿ ಕೊನೆಗೆ ಡಿಡಿ ಏಳು ನಿಮಿಷ ತಡವಾಗಿ ತೋರಿಸ್ಕೊಳ್ಳಿ ಅನ್ನೋ ಹಾಗಾಯ್ತು. ಏಳು ನಿಮಿಷ ಅಂದ್ರೆ ಹೆಚ್ಚುಕಮ್ಮಿ ಎರಡು ಓವರು, ಪಕ್ಕದ ಮನೆ ಕೇಬಲ್‌ನಲ್ಲಿ ಔಟಾಗಿ ಪೆವಿಲಿಯನ್ ಸೇರಿರೋ ಬ್ಯಾಟ್ಸ್‌ಮನ್ ನಮ್ಮ ಟಿವೀಲಿ ಇನ್ನೂ ಗಾರ್ಡ್ ತಗೊಳ್ತಿರ್ತಾನೆ, ಅದನ್ನ ಯಾರು ನೋಡ್ತಾರೆ ಹೇಳಿ. ಫೆಬ್ರವರಿಯಲ್ಲೇ ಸರ್ಕಾರ ಸುಗ್ರೀವಾಜ್ಞೆ ತಂತು, ಆಮೇಲೆ ಅದೇ ಕಾಯ್ದೆ ಆಯ್ತು.

ಕಾಯ್ದೆ ಹೇಳೋದು ಇಷ್ಟು. ರಾಷ್ಟ್ರೀಯ ಮಹತ್ವದ್ದು ಅಂತ ಸರ್ಕಾರ ಪಟ್ಟಿ ಮಾಡಿರೋ ಪಂದ್ಯಾನ ಯಾರೇ ಲೈವ್ ತೋರಿಸಿದ್ರೂ ಅದೇ ಹೊತ್ತಿಗೆ ಪ್ರಸಾರ ಭಾರತಿಗೂ (ಡಿಡಿ, ಆಕಾಶವಾಣಿ ನಡೆಸೋ ಸಂಸ್ಥೆ) ಸಿಗ್ನಲ್ ಕೊಡಬೇಕು, ಅದೂ ತಮ್ಮ ಜಾಹೀರಾತು ತೆಗೆದು. ಡಿಡಿ ತನ್ನ ಜಾಹೀರಾತು ಹಾಕ್ಕೊಳ್ಳುತ್ತೆ, ಬಂದ ದುಡ್ಡಲ್ಲಿ ನೂರಕ್ಕೆ 75 ಕಮ್ಮಿ ಇಲ್ಲದಂಗೆ ರೈಟ್ಸ್ ಇರೋರಿಗೆ, ಉಳಿದಿದ್ದು ಡಿಡಿಗೆ. ರೇಡಿಯೋ ಆದ್ರೆ ಅರ್ಧರ್ಧ.

ಈಗ ನಿಮ್ಮ ಕೇಬಲ್ ವಿಷಯ. ಕಾಯ್ದೇಲಿರೋದು ಪ್ರಸಾರ ಭಾರತಿ ತನ್ನ ಟವರ್ ಪ್ರಸಾರ ಮತ್ತೆ ತನ್ನ ಡಿಟಿಎಚ್‌ನಲ್ಲಿ, ಅಂದ್ರೆ ಫ್ರೀ ಡಿಶ್‌ನಲ್ಲಿ, ತೋರಿಸೋಕೆ ಅಂತ ಮಾತ್ರ. ಅದೇ 1995ರ ಕೇಬಲ್ ಕಾಯ್ದೆ ಪ್ರಕಾರ ಕೆಲವು ಡಿಡಿ ಚಾನೆಲ್‌ಗಳನ್ನ ಕೇಬಲ್‌ನವ್ರು ಕೊಡಲೇಬೇಕು. ಎರಡೂ ಸೇರಿ ಏನಾಯ್ತಪ್ಪಾ ಅಂದ್ರೆ, ಸ್ಟಾರ್‌ಗೆ ದುಡ್ಡು ಕಟ್ಟದೇ ಇದ್ರೂ ಕೇಬಲ್‌ನಲ್ಲಿ ಡಿಡಿ ಹಾಕಿ ಅದೇ ಮ್ಯಾಚ್ ನೋಡಬಹುದಿತ್ತು. ಕೋಟಿಗಟ್ಟಲೆ ಸುರಿದೋರು ಸುಮ್ನೆ ಇರ್ತಾರಾ, ಕೋರ್ಟಿಗೆ ಹೋದ್ರು. 2017 ಆಗಸ್ಟ್ 22ಕ್ಕೆ ಸುಪ್ರೀಂ ಕೋರ್ಟ್ ಹೇಳಿಬಿಡ್ತು, ಹಂಚಿಕೊಂಡ ಸಿಗ್ನಲ್ ಪ್ರಸಾರ ಭಾರತಿ ಸ್ವಂತ ಜಾಲಕ್ಕೆ ಮಾತ್ರ, ಕೇಬಲ್‌ಗೂ ಖಾಸಗಿ ಡಿಟಿಎಚ್‌ಗೂ ದಾಟಿಸೋ ಹಾಗಿಲ್ಲ ಅಂತ. ಹಾಗಾಗಿ ಚಾನೆಲ್ ಹೆಸರು ಒಂದೇ ಆದ್ರೂ ಮ್ಯಾಚ್ ಟೈಮಲ್ಲಿ ಫ್ರೀ ಡಿಶ್‌ಗೆ ಹೋಗೋದೇ ಬೇರೆ, ಕೇಬಲ್‌ಗೆ ಹೋಗೋದೇ ಬೇರೆ.

ಓಬಿ ವ್ಯಾನ್:
ಎರಡನೇ ಡೌಟಿಗೆ ನಾನು ಹೇಳ್ತೀನಿ. ಮೈದಾನದಲ್ಲಿ ಚಿತ್ರ ತೆಗೆಯೋದು ಒಂದೇ ತಂಡ, ಅದನ್ನೇ ವರ್ಲ್ಡ್ ಫೀಡ್ ಅಂತಾರೆ. ಐಸಿಸಿ ಟೂರ್ನಿ ಆದ್ರೆ ಐಸಿಸಿ ಟಿವಿ, ಒಲಿಂಪಿಕ್ಸ್ ಆದ್ರೆ ಅದಕ್ಕಂತಾನೇ ಒಲಿಂಪಿಕ್ ಸಮಿತಿ (ಐಒಸಿ) 2001ರಲ್ಲಿ ಮಾಡ್ಕೊಂಡಿರೋ ಓಬಿಎಸ್ ಅನ್ನೋ ಪ್ರಸಾರ ಸಂಸ್ಥೆ. ಯಾವ ಕ್ಯಾಮೆರಾ, ಯಾವಾಗ ರೀಪ್ಲೇ, ಗ್ಯಾಲರೀಲಿ ಯಾರ ಮುಖ ತೋರಿಸಬೇಕು ಎಲ್ಲಾ ಅಲ್ಲಿರೋ ಡೈರೆಕ್ಟರ್ ಕೈಲಿ. ರೈಟ್ಸ್ ತಗೊಂಡಿರೋ ಚಾನೆಲ್‌ಗಳು ಆ ಫೀಡ್ ಇಳಿಸ್ಕೊಂಡು ತಮ್ಮ ಲೋಗೋ, ತಮ್ಮ ಭಾಷೆ ಕಾಮೆಂಟ್ರಿ, ತಮ್ಮ ಸ್ಟುಡಿಯೋ ಹರಟೆ ಸೇರಿಸ್ತಾರೆ. ಕನ್ನಡ ಕಾಮೆಂಟ್ರಿ ಹೇಳೋರು ಎಷ್ಟೋ ಸಲ ಮೈದಾನದಲ್ಲೇ ಇರಲ್ಲ, ಸ್ಟುಡಿಯೋದಲ್ಲಿ ಮಾನಿಟರ್ ನೋಡ್ಕೊಂಡು ಮಾತಾಡ್ತಾರೆ, ಬಾಲ್ ಬ್ಯಾಟಿಗೆ ತಾಗಿದ ಸದ್ದು ಮಾತ್ರ ಮೈದಾನದ್ದು.

ಎರಡೂ ಚಾನೆಲ್ ಅಕ್ಕಪಕ್ಕ ಹಾಕಿ ನೋಡಿ, ವ್ಯತ್ಯಾಸ ಗೊತ್ತಾಗೋದು ಓವರ್ ಮುಗಿದಾಗ. ಆರನೇ ಬಾಲ್ ಕೀಪರ್ ಕೈಗೆ ಹೋಗ್ತಿದ್ದಂಗೆ ಒಂದು ಕಡೆ ಚಿತ್ರ ಚಿಕ್ಕದಾಗಿ ಪಕ್ಕದಲ್ಲೂ ಕೆಳಗೂ ಜಾಹೀರಾತು ಬಂದು ಆಮೇಲೆ ಪೂರ್ತಿ ಬ್ರೇಕ್, ಇನ್ನೊಂದು ಕಡೆ ಡಿಡಿ ತನ್ನ ಜಾಹೀರಾತು ತುರುಕೋಕೆ ಹೊರಟಿರುತ್ತೆ, ಸ್ಪಿನ್ನರ್ ಆದ್ರೆ ಬೇಗ ಶುರು ಮಾಡಿಬಿಡ್ತಾನೆ, ಜಾಹೀರಾತು ಮುಗಿಯೋ ಹೊತ್ತಿಗೆ ಮೊದಲ್ನೇ ಬಾಲ್ ಅರ್ಧ ಪಿಚ್ ದಾಟಿರುತ್ತೆ 😀 ವಿಕೆಟ್ ಬಿದ್ದಾಗಂತೂ ಕೇಳೋದೇ ಬೇಡ, ಔಟಾದೋನ ಮುಖ ನೋಡೋಕೂ ಬಿಡಲ್ಲ.

ನೈಟ್ ವಾಚ್‌ಮನ್:
ಒಳ್ಳೆ ಮಾಹಿತಿ ಇಬ್ರದ್ದೂ. ಆದ್ರೆ ಐಪಿಎಲ್‌ಗೆ ಈ ಕಾಯ್ದೆ ಯಾಕಿಲ್ಲ?

ಹಳೇ ಆಂಟೆನಾ:
ಪಟ್ಟೀಲಿ ಇಲ್ಲ ಗುರು, ಅಷ್ಟೆ. ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್, ಇಂಡಿಯಾ ಆಡೋ ಒನ್ ಡೇ, ಟಿ20 ಎಲ್ಲಾ ಇದೆ. ಐಪಿಎಲ್ ಫ್ರಾಂಚೈಸಿಗಳ ಲೀಗು, ದೇಶದ ತಂಡ ಅಲ್ಲ. 2023ರಿಂದ 27ರವರೆಗೆ ಟಿವಿ ರೈಟ್ಸ್ ಒಂದಕ್ಕೇ ಸ್ಟಾರ್ ಕೊಟ್ಟಿದ್ದು 23,575 ಕೋಟಿ, ಅಂದ್ರೆ ಮ್ಯಾಚ್‌ಗೆ 57.5 ಕೋಟಿ. ಅದನ್ನೂ ಪುಕ್ಕಟೆ ಕೊಡಿ ಅಂದಿದ್ರೆ ಆ ರೇಟಿಗೆ ಯಾರೂ ಕೂಗ್ತಿರ್ಲಿಲ್ಲ.

ಕಟ್ಟೆಪುರಾಣ:
ಅರ್ಥ ಆಯ್ತು, ಥ್ಯಾಂಕ್ಸ್ ಇಬ್ರಿಗೂ. ಹಾಗಾದ್ರೆ ಮ್ಯಾಚ್ ಎಷ್ಟು ಗಂಟೆಗೆ ಅಂತ ಬೋರ್ಡ್ ಡಿಸೈಡ್ ಮಾಡುತ್ತಾ ಚಾನೆಲ್‌ನವ್ರಾ?

ಓಬಿ ವ್ಯಾನ್:
ಕಾಗದದ ಮೇಲೆ ಬೋರ್ಡು. ಆದ್ರೆ ದುಡ್ಡು ಕೊಡೋನು ಯಾವಾಗ ನೋಡೋಕೆ ಜನ ಸಿಗ್ತಾರೆ ಅಂತ ಹೇಳ್ತಾನೋ ಅದನ್ನ ತೆಗೆದುಹಾಕೋಕಾಗಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಈಜು ಫೈನಲ್ ಬೆಳಿಗ್ಗೆ ಇಟ್ಟಿದ್ರು, ಸಾಮಾನ್ಯವಾಗಿ ಸಂಜೆ ಇರೋದು, ಅಮೆರಿಕದಲ್ಲಿ ಎನ್‌ಬಿಸಿ ಚಾನೆಲ್‌ಗೆ ರಾತ್ರಿ ಪ್ರೈಮ್ ಟೈಮ್ ಆಗಲಿ ಅಂತ. ಅಮೆರಿಕದ ಈಜುಗಾರ ಫೆಲ್ಪ್ಸ್ ಎಂಟು ಚಿನ್ನ ಗೆದ್ದಿದ್ದು ಅದೇ ಕೂಟದಲ್ಲಿ, ಚಾನೆಲ್‌ನವ್ರ ಲೆಕ್ಕ ತಪ್ಪಲಿಲ್ಲ.

ಆದ್ರೆ ಚಾನೆಲ್‌ಗೆ ಒಗ್ಗದ ಟೈಮೂ ಇರುತ್ತೆ. ಫುಟ್‌ಬಾಲ್ ವರ್ಲ್ಡ್ ಕಪ್‌ನಲ್ಲಿ ಗ್ರೂಪಿನ ಕೊನೇ ಎರಡು ಮ್ಯಾಚ್ ಒಂದೇ ಟೈಮಿಗೆ ಇಡ್ತಾರಲ್ಲ, ಅದು 1982ರ ಫಲ. ಅದೇ ಗ್ರೂಪಿನ ಅಲ್ಜೀರಿಯಾ ಹಿಂದಿನ ದಿನವೇ ಆಡಿ ಮುಗಿಸಿತ್ತು, ಪಶ್ಚಿಮ ಜರ್ಮನಿ ಮತ್ತೆ ಆಸ್ಟ್ರಿಯಾ ಜರ್ಮನಿ 1-0 ಗೆದ್ರೆ ಇಬ್ರೂ ಮುಂದಿನ ಸುತ್ತಿಗೆ ಅಂತ ಗೊತ್ತಿದ್ದು ಗೋಲ್ ಆದ್ಮೇಲೆ ಬಾಲ್ ಅತ್ತಿತ್ತ ತಳ್ಕೊಂಡು ಕೂತ್ರು, ಅಲ್ಜೀರಿಯಾ ಮನೆಗೆ. 1986ರಿಂದ ನಿಯಮ ಬದಲಾಯ್ತು. ಚಾನೆಲ್‌ಗೆ ಇದು ತಲೆನೋವು, ಎರಡು ಚಾನೆಲ್ ಬೇಕು, ಜನ ಎರಡು ಕಡೆ ಹಂಚಿಹೋಗ್ತಾರೆ.

ನೈಟ್ ವಾಚ್‌ಮನ್:
2021ರ ಐಪಿಎಲ್ ಲೀಗ್ ಕೊನೇ ದಿನಾನೂ ಎರಡು ಮ್ಯಾಚ್ ಒಟ್ಟಿಗೆ ಏಳೂವರೆಗೆ! ಅಲ್ಲಿ ಮುಂಬೈ ರನ್ ರೇಟ್ ಬೆನ್ನು ಹತ್ತಿ ಹೈದರಾಬಾದ್ ಮೇಲೆ 235 ಹೊಡೀತು, ಇಲ್ಲಿ ಆರ್‌ಸಿಬಿಗೆ ಕೊನೇ ಬಾಲ್‌ನಲ್ಲಿ ಐದು ಬೇಕು, ಭರತ್ ಸಿಕ್ಸ್. ರಿಮೋಟ್ ಯಾರ ಕೈಲಿತ್ತೋ ಅವ್ರದ್ದೇ ರಾಜ್ಯ ಅವತ್ತು.

ಕಟ್ಟೆಪುರಾಣ:
ಹಾಗಾದ್ರೆ ಇಂಡಿಯಾ ಮ್ಯಾಚಿಗೆ ಒಂದು ಫ್ರೀ ಡಿಶ್ ಡಬ್ಬ ತಂದು ಇಟ್ಕೊಳ್ಳೋದೇ ವಾಸಿ ಅನ್ಸುತ್ತೆ.

ಹಳೇ ಆಂಟೆನಾ:
ತನ್ನಿ, ತಿಂಗಳ ಬಾಡಿಗೆ ಏನೂ ಇಲ್ಲ, ಡಿಶ್ಶು ಡಬ್ಬ ಒಂದ್ಸಲ ತಗೊಂಡ್ರೆ ಮುಗೀತು. ಆದ್ರೆ ಕೇಬಲ್ ಕಿತ್ತಾಕಬೇಡಿ, ಐಪಿಎಲ್ ಬಂದಾಗ ಮನೇಲಿ ಬೈತಾರೆ.