ಸೋರುವ ಗೋಡೆಯ ಫೋಟೋಗೆ ಬಾಣ ಹಾಕುವುದು ಹೇಗೆ

ಚಿಕ್ಕಮ್ಮ, ಬೆಳಿಗ್ಗೆ ನೀವು ಗ್ರೂಪಿನಲ್ಲಿ ಕೇಳಿದ್ದಕ್ಕೆ ಈಗ ಉತ್ತರ. ವಾಯ್ಸ್ ಮೆಸೇಜ್ ಹಾಕೋಣ ಅಂತಿದ್ದೆ, ಆದರೆ ಘಾಟ್ಕೋಪರ್ ಲೋಕಲ್‌ನ ಗದ್ದಲದಲ್ಲಿ ನನ್ನ ಮಾತು ನನಗೇ ಕೇಳುತ್ತಿಲ್ಲ. ಅದಕ್ಕೆ ಮಾತಾಡಿದ ಹಾಗೇ ಬರೆದು ಹಾಕುತ್ತಿದ್ದೇನೆ. ಉದ್ದವಾದರೆ ಬೈಯಬೇಡಿ.

ಬೆಳಿಗ್ಗೆಯ ಮೆಸೇಜ್ ನೋಡದವರಿಗೆ ವಿಷಯ ಇಷ್ಟು. ಮುಲುಂಡಿನ ಚಿಕ್ಕಮ್ಮನ ಮನೆಯಲ್ಲಿ ಮಳೆ ಹಿಡಿದಾಗಿನಿಂದ ಬೆಡ್‌ರೂಮಿನ ಗೋಡೆ ಸೋರುತ್ತಿದೆ. ಸೊಸೈಟಿ ಕಮಿಟಿಯವರು ಫೋಟೋ ಕೇಳಿದ್ದಾರೆ. ಎಲ್ಲಿ ಒದ್ದೆ, ಎಲ್ಲಿಂದ ಇಳಿಯುತ್ತಿದೆ ಅಂತ ಬಾಣ ಹಾಕಿ, ಪಕ್ಕದಲ್ಲಿ ಎರಡು ಪದ ಬರೆದು ಕಳಿಸಬೇಕು. ಫೋನಿನಲ್ಲಿ ಬೆರಳಿನಿಂದ ಎಳೆದರೆ ಗೆರೆ ಎಲ್ಲೆಲ್ಲೋ ಓಡುತ್ತದೆ, ಕಂಪ್ಯೂಟರಿನಲ್ಲಿ ಏನೂ ಇನ್‌ಸ್ಟಾಲ್ ಮಾಡದೆ ಆಗುತ್ತದಾ ಅಂತ ಕೇಳಿದ್ದಾರೆ.

ಆಗುತ್ತದೆ. ಬ್ರೌಸರಿನಲ್ಲಿ ಫೋಟೋಪಿಯ ಅಂತ ಟೈಪ್ ಮಾಡಿ, ಬ್ರೌಸರಿನಲ್ಲೇ ಫೋಟೋ ತಿದ್ದುವ ಸೈಟ್ ಅದು. ಇಂಗ್ಲಿಷಿನಲ್ಲಿ ಫೋಟೋ ಅಂತ ಬರೆದು ಕೊನೆಗೆ ಪಿ, ಇ, ಎ ಸೇರಿಸಿ, ಡಾಟ್ ಕಾಮ್. ದುಡ್ಡಿಲ್ಲ, ಲಾಗಿನ್ ಇಲ್ಲ. ಬಲಗಡೆ ಜಾಹೀರಾತು ಕಾಣುತ್ತಿರುತ್ತದೆ, ಅದು ಇದ್ದಲ್ಲೇ ಇರಲಿ. ಇವಾನ್ ಕುಟ್ಸ್ಕಿರ್ ಅಂತ ಉಕ್ರೇನ್ ಮೂಲದ ಒಬ್ಬ, ಚೆಕ್ ದೇಶದಲ್ಲಿ ಓದಿದವನು, ಇದನ್ನು ಹೆಚ್ಚುಕಡಿಮೆ ಒಬ್ಬನೇ ಕಟ್ಟಿದ. 2013ರಲ್ಲಿ ಹೊರಬಂತು. ದೊಡ್ಡ ಕಂಪನಿಗಳು ಬಾಡಿಗೆ ಕಟ್ಟಿಸಿಕೊಂಡು ಕೊಡುವುದರಲ್ಲಿ ಮುಕ್ಕಾಲು ಪಾಲು ಇದರಲ್ಲೇ ಸಿಗುತ್ತದೆ.

ನನಗೆ ಇದು ಇಷ್ಟವಾಗಲು ಇನ್ನೊಂದು ಕಾರಣ ಇದೆ. ಇದರಲ್ಲಿ ತೆರೆದ ಫೋಟೋ ಯಾರ ಸರ್ವರಿಗೂ ಹೋಗುವುದಿಲ್ಲ, ಕೆಲಸವೆಲ್ಲ ನಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ. ನಂಬಿಕೆ ಬರದಿದ್ದರೆ ಪೇಜ್ ಪೂರ್ತಿ ಲೋಡ್ ಆದ ಮೇಲೆ ವೈಫೈ ಆಫ್ ಮಾಡಿ ನೋಡಿ. ಫೋಟೋ ತೆರೆಯಬಹುದು, ಗೆರೆ ಎಳೆಯಬಹುದು, ಸೇವ್ ಕೂಡ ಮಾಡಬಹುದು. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವ ಎಷ್ಟೋ ಸೈಟುಗಳು ಮೊದಲು ಅಪ್‌ಲೋಡ್ ಮಾಡಿ ಅನ್ನುತ್ತವೆ. ಗೋಡೆಯ ಫೋಟೋ ಆದರೆ ಹೋಗಲಿ ಅನ್ನಬಹುದು. ಆಧಾರ್, ಪಾಸ್‌ಬುಕ್ ಆದರೆ ಬೇಡ.

ಈಗ ಕೆಲಸಕ್ಕೆ ಬರೋಣ. ಫೋಟೋವನ್ನು ಹಿಡಿದು ಎಳೆದು ಆ ಪೇಜಿನ ಮೇಲೆ ಬಿಟ್ಟರೆ ತೆರೆಯುತ್ತದೆ. ಬಲಗಡೆ ಲೇಯರ್ಸ್ ಅಂತ ಒಂದು ಪಟ್ಟಿ ಕಾಣುತ್ತದೆ. ಶಾಲೆಯಲ್ಲಿ ಭೂಪಟದ ಮೇಲೆ ಬಟರ್ ಪೇಪರ್ ಇಟ್ಟು ನದಿ ಎಳೆಯುತ್ತಿದ್ದೆವು, ಅಲ್ವಾ? ಇದೂ ಅದೇ. ಕೆಳಗೆ ಫೋಟೋ, ಮೇಲೆ ಖಾಲಿ ಹಾಳೆ. ಪಟ್ಟಿಯ ಕೆಳಗಿರುವ ನ್ಯೂ ಲೇಯರ್ ಬಟನ್ ಒತ್ತಿ, ಆ ಹಾಳೆಯ ಮೇಲೆ ಮಾತ್ರ ಗೆರೆ ಎಳೆಯಿರಿ. ಕೆಳಗಿನ ಫೋಟೋಗೆ ಒಂದು ಚುಕ್ಕೆಯೂ ತಾಗಬಾರದು. ಬಾಣ ಬೇಕಾದರೆ ಎಡಗಡೆ ಶೇಪ್ ಟೂಲ್‌ಗಳ ಜೊತೆ ಕಸ್ಟಮ್ ಶೇಪ್ ಅಂತ ಇದೆ, ಅದರೊಳಗೆ ಬಾಣಗಳಿವೆ. ಅದು ತಾನೇ ಬೇರೆ ಲೇಯರ್ ಆಗಿ ಕೂರುತ್ತದೆ, ಆಮೇಲೆ ಹಿಡಿದು ಸರಿಸಬಹುದು. ತಪ್ಪಿದರೆ ಕಂಟ್ರೋಲ್ ಜೆಡ್. ಬ್ರಷ್ ದಪ್ಪ ಸಣ್ಣ ಮಾಡಲು ಚೌಕ ಆವರಣದ ಎರಡು ಕೀಲಿಗಳು. ಇಷ್ಟು ಸಾಕು, ಉಳಿದ ಮೆನುಗಳನ್ನು ತೆರೆಯಲೇಬೇಡಿ.

ಆದರೆ ಚಿಕ್ಕಮ್ಮ, ಬಾಣ ಹಾಕುವುದಕ್ಕಿಂತ ಬಾಣ ಎಲ್ಲಿಗೆ ಹಾಕುತ್ತೀರಿ ಅನ್ನುವುದೇ ದೊಡ್ಡ ವಿಷಯ. ನಮ್ಮ ಮಹಾರಾಷ್ಟ್ರದ ಸೊಸೈಟಿ ಬೈಲಾಗಳ ಪ್ರಕಾರ ಮಳೆ ನೀರಿನ ಸೋರಿಕೆ, ಹೊರಗಿನ ಸಾಮಾನ್ಯ ಪೈಪಿನ ಸೋರಿಕೆ ಇವೆಲ್ಲ ಸೊಸೈಟಿ ಖರ್ಚಿನಲ್ಲಿ ರಿಪೇರಿ ಆಗಬೇಕು. ಮೇಲಿನ ಮನೆಯ ಬಾತ್‌ರೂಮಿನ ಒಳಗಿನ ತೊಂದರೆ ಆದರೆ ಆ ಮನೆಯವರ ತಲೆಗೆ ಬರುತ್ತದೆ. ಅಂದರೆ ನಿಮ್ಮ ಬಾಣದ ತುದಿ ಎತ್ತ ಕಡೆಗಿದೆ ಅನ್ನುವುದರ ಮೇಲೆ ದುಡ್ಡು ಯಾರು ಕೊಡಬೇಕು ಅನ್ನುವ ಜಗಳ ಶುರುವಾಗುತ್ತದೆ. ನೀವು ಬೆಳಿಗ್ಗೆ ಹಾಕಿದ ಫೋಟೋದಲ್ಲಿ ಕಂದು ಕಲೆಯಿಂದ ಸೀದಾ ಸೀಲಿಂಗ್ ಕಡೆಗೆ ಒಂದು ಕೆಂಪು ಬಾಣ ಇದೆ, ಪಕ್ಕದಲ್ಲಿ ‘ಮೇಲಿನವರ ಬಾತ್‌ರೂಮ್’ ಅಂತ ಬರೆದಿದೆ. ಅದು ಗುರುತು ಅಲ್ಲ, ಆರೋಪ. ಅದನ್ನು ತೆಗೆಯಿರಿ. ಫೋಟೋದಲ್ಲಿ ಕಣ್ಣಿಗೆ ಕಾಣುವುದಕ್ಕೆ ಮಾತ್ರ ಗುರುತು ಹಾಕಿ. ಕಲೆ ಎಲ್ಲಿಂದ ಎಲ್ಲಿವರೆಗೆ ಇದೆ, ಬಣ್ಣ ಎಲ್ಲಿ ಉಬ್ಬಿದೆ, ಬಿಳಿ ಉಪ್ಪು ಎಲ್ಲಿ ಎದ್ದಿದೆ, ಇಷ್ಟೇ. ನಿಮ್ಮ ಅನುಮಾನ ಏನಿದ್ದರೂ ಪತ್ರದಲ್ಲಿ ಬೇರೆ ಪ್ಯಾರಾ ಮಾಡಿ ಬರೆಯಿರಿ. ಪ್ಲಂಬರ್ ಬಂದು ಬೇರೆ ಕಾರಣ ಹೇಳಿದರೂ ಆಗ ನಿಮ್ಮ ಫೋಟೋ ಸುಳ್ಳಾಗುವುದಿಲ್ಲ.

ಒರಿಜಿನಲ್ ಫೋಟೋವನ್ನೂ ಜೊತೆಗೇ ಕಳಿಸಿ. ಗೆರೆ ಇರುವುದು ಒಂದು, ಗೆರೆ ಇಲ್ಲದ್ದು ಒಂದು. ಗೆರೆ ಇರುವುದನ್ನು ಮಾತ್ರ ಕಳಿಸಿದರೆ ಕಮಿಟಿಯಲ್ಲಿ ಒಬ್ಬರಾದರೂ ‘ಇದು ನೀವೇ ಬಣ್ಣ ಮಾಡಿದ್ದಲ್ವಾ’ ಅಂತ ತೆಗೆಯುತ್ತಾರೆ.

ಫೋಟೋ ತೆಗೆಯುವುದರ ಬಗ್ಗೆಯೂ ಒಂದು ಮಾತು. ಒಂದು ದೂರದಿಂದ ತೆಗೆಯಿರಿ, ಕಿಟಕಿ, ಬಾಗಿಲು, ಸೀಲಿಂಗ್ ಎಲ್ಲ ಕಾಣಬೇಕು. ಇನ್ನೊಂದು ಹತ್ತಿರದಿಂದ. ಹತ್ತಿರದ್ದರಲ್ಲಿ ಗೋಡೆಗೆ ಒಂದು ಸ್ಕೇಲ್ ಅಥವಾ ಪೆನ್ ಹಿಡಿದಿರಲಿ, ಇಲ್ಲದಿದ್ದರೆ ಕಲೆ ಅಂಗೈಯಷ್ಟಿದೆಯೋ ಆಳೆತ್ತರ ಇದೆಯೋ ಯಾರಿಗೂ ಗೊತ್ತಾಗುವುದಿಲ್ಲ. ಇನ್ನೂ ಒಳ್ಳೆ ಉಪಾಯ ಅಂದರೆ ಗೋಡೆಯ ಮೇಲೇ ಪೆನ್ಸಿಲಿನಿಂದ ಒದ್ದೆಯ ಅಂಚಿನ ಸುತ್ತ ಗೆರೆ ಎಳೆದು ತಾರೀಖು ಬರೆಯುವುದು. ಮುಂದಿನ ಜೋರು ಮಳೆಯಾದ ಮೇಲೆ ಒದ್ದೆ ಗೆರೆ ದಾಟಿದರೆ ಇನ್ನೊಂದು ಗೆರೆ, ಇನ್ನೊಂದು ತಾರೀಖು. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಗೋಡೆಯೇ ಸಾಕ್ಷಿ ಹೇಳುತ್ತದೆ. ಯಾವ ಎಡಿಟರೂ ಅಷ್ಟು ಚೆನ್ನಾಗಿ ಹೇಳುವುದಿಲ್ಲ.

ಬಣ್ಣದ ವಿಷಯ. ಎಲ್ಲರೂ ಕೆಂಪು ಆರಿಸುತ್ತಾರೆ. ಕಂದು ಕಲೆಯ ಮೇಲೆ ಕೆಂಪು ಗೆರೆ ಕಾಣುವುದೇ ಕಷ್ಟ. ಅದರ ಮೇಲೆ ವಾಟ್ಸ್ಯಾಪಿನಲ್ಲಿ ಕಳಿಸಿದಾಗ ಗೆರೆ ಇನ್ನೂ ಕಲಸಿಹೋಗುತ್ತದೆ. ಇದಕ್ಕೆ ಕಾರಣ ಇದೆ. ಫೋಟೋ ಹೋಗುವುದು ಜೆಪೆಗ್ ಆಗಿ. 1992ರಲ್ಲಿ ಬಂದ ಪದ್ಧತಿ ಅದು. ಚಿತ್ರವನ್ನು 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ ಚೌಕಗಳಾಗಿ ಕತ್ತರಿಸಿ ಹಿಂಡುತ್ತದೆ. ಬೆಳಕು ನೆರಳನ್ನು ವಿವರವಾಗಿ ಇಟ್ಟುಕೊಂಡು, ಬಣ್ಣವನ್ನು ಸಾಮಾನ್ಯವಾಗಿ ಅರ್ಧದಷ್ಟು ವಿವರಕ್ಕೆ ಇಳಿಸುತ್ತದೆ. ನಮ್ಮ ಕಣ್ಣಿಗೆ ಬಣ್ಣದ ಸೂಕ್ಷ್ಮ ಅಷ್ಟಾಗಿ ಕಾಣುವುದಿಲ್ಲ, ಆದ್ದರಿಂದ ಮರದ ಎಲೆ, ಮುಖ ಇದಕ್ಕೆಲ್ಲ ಈ ಉಳಿತಾಯ ಗೊತ್ತೇ ಆಗುವುದಿಲ್ಲ. ಸಪೂರ ಕೆಂಪು ಗೆರೆಗೆ ಮಾತ್ರ ಅದೇ ಹೊಡೆತ. ಅದರ ಸುತ್ತಲಿನದಕ್ಕಿಂತ ಅದು ಬೇರೆ ಕಾಣುವುದು ಬಣ್ಣದಿಂದಲೇ ತಾನೆ? ಆ ಬಣ್ಣವೇ ಮಸುಕಾದರೆ ಉಳಿಯುವುದೇನು?

ಪರಿಹಾರ ಸುಲಭ. ಬಾಣದ ಲೇಯರ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಲೇಯರ್ ಸ್ಟೈಲ್ ತೆರೆಯುತ್ತದೆ. ಅದರಲ್ಲಿ ಸ್ಟ್ರೋಕ್ ಆರಿಸಿ ಬಿಳಿ ಬಣ್ಣ ಕೊಡಿ. ಬಾಣದ ಸುತ್ತ ಬಿಳಿ ಅಂಚು ಬರುತ್ತದೆ. ಗೋಡೆ ಕಂದಾಗಿರಲಿ, ಬೂದು ಆಗಿರಲಿ, ಬಾಣ ಎದ್ದು ಕಾಣುತ್ತದೆ. ಕೆಂಪು ಬಾಣ ಒಂದಕ್ಕೆ, ಹಸಿರು ಬಾಣ ಇನ್ನೊಂದಕ್ಕೆ ಅಂತ ಮಾತ್ರ ಮಾಡಬೇಡಿ. ಗಂಡಸರಲ್ಲಿ ಕೆಂಪು ಹಸಿರು ಗುರುತಿಸಲಾಗದವರು ಇರುತ್ತಾರೆ, ನಿಮ್ಮ ಕಮಿಟಿಯಲ್ಲಿ ಯಾರಿಗೆ ಹಾಗಿದೆಯೋ ಗೊತ್ತಿಲ್ಲ. 1, 2, 3 ಅಂತ ಅಂಕಿ ಹಾಕಿ, ಪತ್ರದಲ್ಲಿ ಅದೇ ಅಂಕಿ ಬರೆದು ವಿವರಿಸಿ. ಫೋಟೋ ಮೇಲೆ ವಾಕ್ಯ ಬರೆಯುವ ಚಾಳಿ ನನಗೆ ಹಿಡಿಸುವುದಿಲ್ಲ. ಗೋಡೆ ತೋರಿಸಬೇಕಾದ ಜಾಗದಲ್ಲಿ ಅಕ್ಷರ ತುಂಬಿಕೊಂಡರೆ ನೋಡುವವರು ಏನು ನೋಡಬೇಕು?

ಮುಗಿದ ಮೇಲೆ ಫೈಲ್ ಮೆನುವಿನಲ್ಲಿ ಸೇವ್ ಆಸ್ ಪಿಎಸ್‌ಡಿ ಮಾಡಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಲೇಯರುಗಳು ಬೇರೆ ಬೇರೆಯಾಗೇ ಉಳಿಯುವ ಫೈಲ್ ಅದು, ನಾಳೆ ಬಾಣ ಸರಿಸಬೇಕಾದರೆ ಬೇಕು. ಕಳಿಸಲು ಎಕ್ಸ್‌ಪೋರ್ಟ್ ಆಸ್, ಪಿಎನ್‌ಜಿ. ಅದು ಎಲ್ಲ ಲೇಯರನ್ನೂ ಒಂದಾಗಿಸಿದ, ಜೆಪೆಗ್ ಹಾಗೆ ಬಣ್ಣ ಕಳೆಯದ ಚಿತ್ರ. ವಾಟ್ಸ್ಯಾಪಿನಲ್ಲಿ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಹಾಕಿ, ಆಗ ಹಿಂಡುವುದಿಲ್ಲ. ಒಂದು ಎಚ್ಚರಿಕೆ, ಕ್ಯಾಮೆರಾದ ಒರಿಜಿನಲ್ ಅನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ತೆಗೆದ ಹೊತ್ತು, ಲೊಕೇಶನ್ ಆನ್ ಇದ್ದರೆ ಜಾಗ, ಎಲ್ಲವೂ ಅದರೊಳಗೆ ಹೋಗುತ್ತದೆ. ಕಮಿಟಿಗಾದರೆ ಒಳ್ಳೆಯದೇ, ತಾರೀಖಿಗೆ ಅದೂ ಒಂದು ಆಧಾರ. ಊರಿಗೆಲ್ಲ ಹಂಚುವುದಕ್ಕೆ ಬೇಡ.

ಆಧಾರ ಅಂದ ಕೂಡಲೇ ನೆನಪಾಯಿತು. ಭಾವ, ಇದು ನಿಮಗೆ. ನಿನ್ನೆ ರೂಮ್ ಬುಕಿಂಗಿಗೆ ಅಂತ ನೀವು ಗ್ರೂಪಿಗೇ ಹಾಕಿದ ಆಧಾರ್ ಕಾರ್ಡಿನಲ್ಲಿ ನಂಬರಿನ ಮೇಲೆ ಫೋನಿನ ಹೈಲೈಟರ್ ಪೆನ್ನಿನಿಂದ ಕಪ್ಪು ಬಳಿದಿದ್ದೀರಿ. ಹೈಲೈಟರ್ ಅಂದರೆ ಪಾರದರ್ಶಕ ಬಣ್ಣ. ನಾಲ್ಕು ಸಲ ಬಳಿದರೆ ಕಣ್ಣಿಗೆ ಕಪ್ಪು ಕಾಣಬಹುದು. ಬ್ರೈಟ್‌ನೆಸ್ ಏರಿಸಿದರೆ ಅಂಕಿಗಳು ಅಡಿಯಿಂದ ಇಣುಕುತ್ತವೆ. ಮಸುಕು ಮಾಡುವ ಬ್ಲರ್, ಚೌಕ ಚೌಕ ಮಾಡುವ ಮೊಸಾಯಿಕ್ ಕೂಡ ಅಂಕಿಗಳಿಗೆ ಸಾಲದು. ಒಂದು ಜಾಗದಲ್ಲಿ ಇರುವುದು 0 ಯಿಂದ 9ರೊಳಗೆ ಯಾವುದೋ ಒಂದು ತಾನೆ? ಹತ್ತನ್ನೂ ಅದೇ ರೀತಿ ಮಸುಕು ಮಾಡಿ, ಯಾವುದು ಹೋಲುತ್ತದೆ ಅಂತ ನೋಡಿದರೆ ಆಯಿತು. ಮುಚ್ಚುವುದಿದ್ದರೆ ರೆಕ್ಟ್ಯಾಂಗಲ್ ಟೂಲಿನಿಂದ ಗಟ್ಟಿ ಕಪ್ಪು ಪೆಟ್ಟಿಗೆ, ಒಪಾಸಿಟಿ, ಅಂದರೆ ಬಣ್ಣದ ಗಟ್ಟಿತನ, ನೂರಕ್ಕೆ ನೂರು, ಆಮೇಲೆ ಪಿಎನ್‌ಜಿ ಆಗಿ ಎಕ್ಸ್‌ಪೋರ್ಟ್. ಪಿಎಸ್‌ಡಿ ಫೈಲನ್ನೇ ಕಳಿಸಿಬಿಟ್ಟರೆ ಆ ಪೆಟ್ಟಿಗೆ ಬೇರೆ ಲೇಯರಿನಲ್ಲಿ ಇರುತ್ತದೆ, ಯಾರು ಬೇಕಾದರೂ ಪಕ್ಕಕ್ಕೆ ಎಳೆದು ನೋಡಬಹುದು.

ಕ್ರಾಪ್ ಮಾಡಿದರೆ ಸಾಕು ಅನ್ನುವವರಿಗೆ 2023ರ ಕತೆ ಹೇಳಬೇಕು. ಗೂಗಲ್ ಪಿಕ್ಸೆಲ್ ಫೋನಿನ ಮಾರ್ಕಪ್ ಎಡಿಟರಿನಲ್ಲಿ ಸ್ಕ್ರೀನ್‌ಶಾಟ್ ಕ್ರಾಪ್ ಮಾಡಿ ಸೇವ್ ಮಾಡಿದರೆ, ಹೊಸ ಚಿಕ್ಕ ಚಿತ್ರ ಹಳೆಯ ಫೈಲಿನ ಮೇಲೇ ಬರೆಯಲ್ಪಡುತ್ತಿತ್ತು, ಆದರೆ ಹಳೆಯದರ ಬಾಲ ಅಳಿಯುತ್ತಿರಲಿಲ್ಲ. ಕತ್ತರಿಸಿದ ಭಾಗವನ್ನು ಎಷ್ಟೋ ಮಟ್ಟಿಗೆ ಹೊರತೆಗೆಯಬಹುದು ಅಂತ ಇಬ್ಬರು ಪತ್ತೆಹಚ್ಚಿದರು. ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲಿನಲ್ಲೂ ಅಂಥದ್ದೇ ತೂತು ಸಿಕ್ಕಿತು. ಎರಡನ್ನೂ ಆಮೇಲೆ ಸರಿಮಾಡಿದರು. ಅಷ್ಟರೊಳಗೆ ಹಂಚಿಹೋದ ಹಳೆಯ ಚಿತ್ರಗಳು ಹಾಗೇ ಇವೆ.

ಇನ್ನೊಂದು, ಭಾವ. ನಂಬರ್ ಮುಚ್ಚಿದಿರಿ, ಪಕ್ಕದ ಕ್ಯೂಆರ್ ಕೋಡ್ ಹಾಗೇ ಬಿಟ್ಟಿದ್ದೀರಿ. ಹೆಸರು, ವಿಳಾಸ, ಹುಟ್ಟಿದ ತಾರೀಖು ಅದರೊಳಗಿದೆ. ಹಳೆಯ ಕಾರ್ಡುಗಳ ಕ್ಯೂಆರ್‌ನಲ್ಲಿ ಪೂರ್ತಿ 12 ಅಂಕಿಯೇ ಇರುತ್ತದೆ. ಇಷ್ಟೆಲ್ಲ ಒದ್ದಾಟ ಯಾಕೆ? ಆಧಾರ್ ಕೊಡುವ ಸಂಸ್ಥೆ ಯುಐಡಿಎಐ ಸೈಟಿನಲ್ಲಿ ಮಾಸ್ಕ್ಡ್ ಆಧಾರ್ ಸಿಗುತ್ತದೆ, ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. ಅದನ್ನೇ ಕೊಡಿ.

ಕೊನೆಗೆ ಮಾಟುಂಗಾ ದಾರಿಯ ನಕ್ಷೆ. ಮುಂದಿನ ತಿಂಗಳು ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕಕ್ಕೆ ಎಲ್ಲರೂ ಸೇರುತ್ತೇವಲ್ಲ, ಅದಕ್ಕೆ ಮ್ಯಾಪಿನ ಸ್ಕ್ರೀನ್‌ಶಾಟ್ ಮೇಲೆ ಗುರುತು ಹಾಕಿ ಕೊಡು ಅಂತ ಅತ್ತೆ ಹೇಳಿದ್ದರು. ಅದನ್ನು ನಾನೇ ಮಾಡುತ್ತೇನೆ. ದಾರಿ ತಪ್ಪುವುದು ಎಲ್ಲಿ ಅಂತ ಗೊತ್ತು. ಮಾಟುಂಗಾ ಅಂದರೆ ಸೆಂಟ್ರಲ್ ಲೈನ್, ಮಾಟುಂಗಾ ರೋಡ್ ಅಂದರೆ ವೆಸ್ಟರ್ನ್, ಕಿಂಗ್ಸ್ ಸರ್ಕಲ್ ಹಾರ್ಬರ್. ಬೊರಿವಲಿ ಕಡೆಯಿಂದ ಬರುವವರು ಮಾಟುಂಗಾ ರೋಡಿನಲ್ಲಿ ಇಳಿದು ಝಡ್ ಬ್ರಿಡ್ಜ್ ದಾಟಿ ಪೂರ್ವಕ್ಕೆ ಬರಬೇಕು. ಥಾಣೆ ಕಡೆಯವರು ಸ್ಲೋ ಲೋಕಲ್ ಹಿಡಿಯಿರಿ, ಫಾಸ್ಟ್ ಸಾಮಾನ್ಯವಾಗಿ ಮಾಟುಂಗಾದಲ್ಲಿ ನಿಲ್ಲುವುದಿಲ್ಲ. ನಕ್ಷೆಯಲ್ಲಿ ಆ ಬ್ರಿಡ್ಜ್ ಮತ್ತು ಭಾವುದಾಜಿ ರೋಡ್, ಈ ಎರಡಕ್ಕೇ ಗುರುತು. ದಾರಿಯಲ್ಲಿ ಸಿಗುವ ಎಲ್ಲ ಉಡುಪಿ ಹೋಟೆಲಿಗೂ ಚುಕ್ಕೆ ಇಡು ಅಂತ ಯಾರೂ ಹೇಳಬೇಡಿ. ಹಸಿದವರಿಗೆ ಅದು ನಕ್ಷೆ ಇಲ್ಲದೆಯೂ ಸಿಗುತ್ತದೆ.

ನಕ್ಷೆಯ ಮೇಲೆ ಕನ್ನಡದಲ್ಲೇ ಬರೆಯುತ್ತೇನೆ. ಫಾಂಟ್ ಬಾಲೂ ತಮ್ಮ. ಅದನ್ನು ಮಾಡಿದ ಏಕ್ ಟೈಪ್‌ನವರು ನಮ್ಮ ಮುಂಬೈಯವರೇ, ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ದಪ್ಪ ಅಕ್ಷರ, ಚಿಕ್ಕ ಸ್ಕ್ರೀನಿನಲ್ಲೂ ಓದಬಹುದು. ನಿಮ್ಮಲ್ಲಿ ಯಾರಾದರೂ ಮಾಡುವುದಾದರೆ ಫಾಂಟ್ ಫೈಲನ್ನು ಫೋಟೋಪಿಯ ಪೇಜಿನ ಮೇಲೆ ಎಳೆದು ಬಿಟ್ಟರೆ ಸಾಕು, ಸೇರಿಕೊಳ್ಳುತ್ತದೆ. ಕನ್ನಡವನ್ನು ಫೋನಿನಲ್ಲಿ ಟೈಪ್ ಮಾಡಿ ಕಾಪಿ ಪೇಸ್ಟ್ ಮಾಡಿ. ಹಳೆಯ ನುಡಿ ತಂತ್ರಾಂಶದ ಕಾಲದಲ್ಲಿ ಟೈಪ್ ಮಾಡಿದ, ಯೂನಿಕೋಡ್ (ಈಗ ಫೋನುಗಳು ಬಳಸುವ ಅಕ್ಷರ ಪದ್ಧತಿ) ಅಲ್ಲದ್ದನ್ನು ತಂದು ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಕಳಿಸುವ ಮೊದಲು ಒತ್ತಕ್ಷರಗಳನ್ನು ಒಮ್ಮೆ ದೊಡ್ಡದು ಮಾಡಿ ನೋಡಿ.

ಸುಮ್ನೆ ಒಂದು ಬಾಣ ಹಾಕುವುದಿದ್ದರೆ ಇಷ್ಟೆಲ್ಲ ಬೇಡ, ವಾಟ್ಸ್ಯಾಪಿನ ಪೆನ್ನೇ ಸಾಕು. ಚಿಕ್ಕಮ್ಮ, ನೀವು ಮಾತ್ರ ಇವತ್ತು ಗೋಡೆಗೆ ಪೆನ್ಸಿಲ್ ಗೆರೆ ಎಳೆದು, ದೂರದ್ದು ಹತ್ತಿರದ್ದು ಎರಡೂ ಫೋಟೋ ನನಗೆ ಡಾಕ್ಯುಮೆಂಟ್ ಆಗಿ ಕಳಿಸಿ. ರಾತ್ರಿ ಊಟ ಆದ ಮೇಲೆ ವಿಡಿಯೋ ಕಾಲ್‌ನಲ್ಲಿ ಕೂತು ಮೊದಲನೆಯದನ್ನು ಒಟ್ಟಿಗೆ ಮಾಡೋಣ. ಭಾವ, ನೀವು ಆ ಆಧಾರ್ ಫೋಟೋವನ್ನು ಈಗಲೇ ಡಿಲೀಟ್ ಫಾರ್ ಎವ್ರಿಒನ್ ಮಾಡಿ, ತಡವಾದರೆ ಆ ಆಯ್ಕೆ ಹೋಗಿಬಿಡುತ್ತದೆ. ಕುರ್ಲಾ ಬಂತು, ಇಳಿಯುತ್ತೇನೆ.